ಸರ್ವರ್ ಸುಮ್ಮನಿದ್ದಾಗ: ಸ್ವಂತ ಮಾನಿಟರಿಂಗ್ ಹಾಕಿಕೊಳ್ಳುವ ಬಗ್ಗೆ

(ಮಂಡ್ಯದಲ್ಲಿ, ಸಣ್ಣ ಸಂಸ್ಥೆಗಳ ಸರ್ವರ್ ನೋಡಿಕೊಳ್ಳುವವರ ಮುಂದೆ ಆಡಿದ ಮಾತು. ಓದುವುದಕ್ಕೆ ತಕ್ಕಂತೆ ಅಲ್ಲಲ್ಲಿ ತಿದ್ದಿದೆ.)

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಒಬ್ಬರೇ ಎಲ್ಲವನ್ನೂ ನೋಡಿಕೊಳ್ಳುವವರು. ಸೊಸೈಟಿಯ ಲೆಕ್ಕದ ಸರ್ವರ್, ಕಾಲೇಜಿನ ಲ್ಯಾಬು, ನರ್ಸಿಂಗ್ ಹೋಮಿನ ಬಿಲ್ಲಿಂಗ್, ಕಾರ್ಖಾನೆಯ ಹಾಜರಾತಿ ಮೆಷಿನ್. ಪ್ರಿಂಟರ್ ಕೆಟ್ಟರೂ ನಿಮಗೇ ಫೋನ್, ಸರ್ವರ್ ಬಿದ್ದರೂ ನಿಮಗೇ ಫೋನ್. ಹಾಗಾಗಿ ನಿಮ್ಮ ಹಿಂದೆ ಇಪ್ಪತ್ತು ಜನರ ತಂಡ ಇದೆ ಅಂದುಕೊಂಡು ನಾನು ಮಾತಾಡುವುದಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ. ಈ ಹೊತ್ತಿನಲ್ಲಿ ನಿಮ್ಮ ಸರ್ವರ್ ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತು? ಬೆಳಿಗ್ಗೆಯಿಂದ ಯಾರೂ ಫೋನ್ ಮಾಡಿಲ್ಲ, ಅದಕ್ಕೇ ಗೊತ್ತು. ನಕ್ಕಿರಿ, ಅಂದರೆ ನಿಜ ಅಂತಾಯಿತು. ನಮ್ಮಲ್ಲಿ ಬಹಳ ಕಡೆ ನಡೆಯುತ್ತಿರುವ ಮಾನಿಟರಿಂಗ್, ಅಂದರೆ ಸರ್ವರ್ ಮೇಲೆ ಕಣ್ಣಿಡುವ ಕೆಲಸ, ಇದೇ. ಯಾರೂ ಬೈದಿಲ್ಲ ಅಂದರೆ ಎಲ್ಲ ಚೆನ್ನಾಗಿದೆ.

ಇದರಲ್ಲಿ ತೊಂದರೆ ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ರೈಡ್ 1 ನಿಮಗೆಲ್ಲ ಗೊತ್ತು. ಎರಡು ಡಿಸ್ಕ್, ಎರಡರಲ್ಲೂ ಒಂದೇ ಮಾಹಿತಿ. ಒಂದು ಹೋದರೂ ಇನ್ನೊಂದು ಕೆಲಸ ನಡೆಸುತ್ತದೆ. ಮೈಸೂರಿನ ಒಂದು ಕಚೇರಿಯಲ್ಲಿ ಹೀಗೇ ಒಂದು ಡಿಸ್ಕ್ ಹೋಯಿತು. ಸರ್ವರ್ ನಡೆಯುತ್ತಲೇ ಇತ್ತು. ಮುಂಭಾಗದಲ್ಲಿ ಹಳದಿ ದೀಪ ಮಿನುಗುತ್ತಿತ್ತು, ಆದರೆ ಆ ರೂಮಿಗೆ ಬೀಗ. ತಿಂಗಳುಗಟ್ಟಲೆ ಯಾರೂ ಒಳಗೆ ಹೋಗಲಿಲ್ಲ. ಯಾಕೆ ಹೋಗುತ್ತಾರೆ, ಎಲ್ಲ ಸರಿಯಾಗೇ ಇತ್ತಲ್ಲ! ಎರಡನೆಯ ಡಿಸ್ಕ್ ಹೋದ ದಿನ ಎಲ್ಲರೂ ಓಡಿಬಂದರು. ಅವರು ರೈಡ್ ಹಾಕಿದ್ದು ಸರಿ. ಆದರೆ ಒಂದು ಡಿಸ್ಕ್ ಹೋಗಿದೆ ಅನ್ನುವುದನ್ನು ಯಾರಿಗೂ ತಿಳಿಸದೆ ಇದ್ದರೆ ರೈಡ್ ಮಾಡುವುದು ಇಷ್ಟೇ, ಕೆಟ್ಟ ಸುದ್ದಿಯನ್ನು ಮುಂದಕ್ಕೆ ಹಾಕುತ್ತದೆ.

ಇವತ್ತು ನಾನು ಹೇಳುವುದೆಲ್ಲ ಈ ಮೌನದ ಸುತ್ತ. ಯಾವ ಸಾಫ್ಟ್‌ವೇರ್ ಅನ್ನುವುದು ಆಮೇಲಿನ ಮಾತು.

ಮೊದಲು, ಸ್ವಂತ ಮಾನಿಟರಿಂಗ್ ಯಾಕೆ ಬೇಕು ಅನ್ನುವುದು. ವೆಬ್‌ಸೈಟ್ ಎದ್ದಿದೆಯೋ ಬಿದ್ದಿದೆಯೋ ನೋಡಿ ಹೇಳುವ ಸೇವೆಗಳು ಇಂಟರ್ನೆಟ್‌ನಲ್ಲಿ ಬೇಕಾದಷ್ಟಿವೆ, ಕೆಲವು ಪುಕ್ಕಟೆ ಕೂಡ. ಆದರೆ ಅವಕ್ಕೆ ನಿಮ್ಮ ಒಳಗಿನ ಸರ್ವರ್ ಕಾಣುವುದಿಲ್ಲ. 10ರಿಂದ ಶುರುವಾಗುವ ವಿಳಾಸಗಳು, 172.16ರಿಂದ 172.31ರವರೆಗಿನವು, 192.168ರವು, ಇವನ್ನು ಖಾಸಗಿ ಬಳಕೆಗೆ ಅಂತ 1996ರ ಆರ್‌ಎಫ್‌ಸಿ 1918 ಅನ್ನುವ ಇಂಟರ್ನೆಟ್ ದಾಖಲೆ ತೆಗೆದಿಟ್ಟಿದೆ. ನಿಮ್ಮ ಕಚೇರಿಯಲ್ಲೂ 192.168.1.10 ಇದೆ, ಪಕ್ಕದ ಬೇಕರಿಯಲ್ಲೂ ಇದೆ. ಹೊರಗಿನವರು ಯಾವುದನ್ನು ಹುಡುಕಿಕೊಂಡು ಬರಬೇಕು?

ಆಗ ಕೆಲವರು ಮಾಡುವ ಕೆಲಸ ಅಂದರೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, ಹೊರಗಿನ ಸೇವೆಗೆ ಒಳಗಿನ ಬಾಗಿಲು ತೆಗೆದುಕೊಡುವುದು. ದಯವಿಟ್ಟು ಬೇಡ. ಆ ಬಾಗಿಲಿನಲ್ಲಿ ಒಳಗೆ ಬರುವವರು ಅವರೊಬ್ಬರೇ ಅಲ್ಲ. ನೋಡುವವನನ್ನು ಒಳಗೇ ಕೂರಿಸೋಣ.

ಅದಕ್ಕೆ ದೊಡ್ಡ ಮೆಷಿನ್ ಬೇಕಾಗಿಲ್ಲ. ಮೂಲೆಯಲ್ಲಿ ಬಿದ್ದಿರುವ ಹಳೆಯ ಡೆಸ್ಕ್‌ಟಾಪ್, 4 ಜಿಬಿ ರ್‍ಯಾಮ್, ಒಂದು ಚಿಕ್ಕ ಎಸ್‌ಎಸ್‌ಡಿ, ಮೇಲೆ ಡೆಬಿಯನ್ ಲಿನಕ್ಸ್. ಸಾಕು. ರಾಸ್‌ಬೆರಿ ಪೈ ಕೂಡ ನಡೆಯುತ್ತದೆ, ಆದರೆ ಅದರ ಎಸ್‌ಡಿ ಕಾರ್ಡ್ ಮೇಲೆ ಹಗಲೂ ರಾತ್ರಿ ಬರೆಸಬೇಡಿ, ಬೇಗ ಸವೆದುಹೋಗುತ್ತದೆ. ಯುಎಸ್‌ಬಿಗೆ ಎಸ್‌ಎಸ್‌ಡಿ ಹಾಕಿ. ಒಂದು ವಿಷಯದಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ: ಯಾವ ಸರ್ವರ್ ನೋಡಬೇಕೋ ಅದರೊಳಗೇ ವರ್ಚುವಲ್ ಮೆಷಿನ್ ಮಾಡಿ ಮಾನಿಟರಿಂಗ್ ಇಡಬೇಡಿ. ಸರ್ವರ್ ಬಿದ್ದರೆ ಅದು ಬಿತ್ತು ಅಂತ ಹೇಳಬೇಕಾದವನೂ ಜೊತೆಗೇ ಬೀಳುತ್ತಾನೆ. ಆಗ ಉಳಿಯುವುದು ಮತ್ತೆ ಮೌನ.

ಸಾಫ್ಟ್‌ವೇರ್‌ಗೆ ಬರೋಣ. ಈಗಾಗಲೇ ನ್ಯಾಗಿಯೋಸ್ ಅಥವಾ ಜ್ಯಾಬಿಕ್ಸ್ ಹಾಕಿ ನಡೆಸುತ್ತಿರುವವರು ಅದನ್ನೇ ಇಟ್ಟುಕೊಳ್ಳಿ. ಜ್ಯಾಬಿಕ್ಸ್ ಮೊದಲು ಹೊರಬಂದದ್ದು 2001ರಲ್ಲಿ, ಇವತ್ತಿಗೂ ಸ್ವಿಚ್, ಪ್ರಿಂಟರ್, ಯುಪಿಎಸ್ ತರಹದ ಸಾಮಾನು ಜಾಸ್ತಿ ಇರುವ ಕಡೆ ಅದು ಒಳ್ಳೆಯದೇ. ಹೊಸದು ಬಂತು ಅಂತ ಚೆನ್ನಾಗಿರುವುದನ್ನು ಕಿತ್ತುಹಾಕಬೇಡಿ.

ಏನೂ ಇಲ್ಲದವರಿಗೆ ನನ್ನ ಸಲಹೆ ಅಪ್‌ಟೈಮ್ ಕುಮಾ. 2021ರಲ್ಲಿ ಬಂದದ್ದು, ಪುಕ್ಕಟೆ, ಮುಕ್ತ ಸಾಫ್ಟ್‌ವೇರ್. ಡಾಕರ್ (ಪ್ರೋಗ್ರಾಂ ಅನ್ನು ಬೇಕಾದ ಸಾಮಾನಿನ ಸಮೇತ ಒಂದು ಡಬ್ಬಿಯಂತೆ ಓಡಿಸುವ ಟೂಲ್) ಇದ್ದರೆ ಒಂದು ಸಾಲಿನ ಆಜ್ಞೆ, ಬ್ರೌಸರ್‌ನಲ್ಲಿ 3001ನೇ ಪೋರ್ಟ್ ತೆರೆದರೆ ಸಿದ್ಧ. ಅರ್ಧ ಗಂಟೆಯ ಕೆಲಸ. ತಾನಾಗಿ 60 ಸೆಕೆಂಡಿಗೊಮ್ಮೆ ಪ್ರತಿಯೊಂದನ್ನೂ ಮುಟ್ಟಿ ನೋಡುತ್ತದೆ.

ಇಲ್ಲಿ ಎಲ್ಲರೂ ಮೊದಲು ಹಾಕುವುದು ಪಿಂಗ್, ಅಂದರೆ ಇದ್ದೀಯಾ ಅಂತ ಮೆಷಿನ್ ಅನ್ನು ಕೂಗಿ ನೋಡುವುದು. ಹಾಕಿ, ಬೇಡ ಅನ್ನಲ್ಲ. ಆದರೆ ಪಿಂಗ್‌ಗೆ ಉತ್ತರ ಕೊಡುವುದು ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳು, ಕರ್ನಲ್. ಡಿಸ್ಕ್ ಕೈಕೊಟ್ಟು ಏನನ್ನೂ ಬರೆಯಲಾಗದ ಸ್ಥಿತಿಯಲ್ಲಿದ್ದರೂ, ಡೇಟಾಬೇಸ್ ಸತ್ತು ಮಲಗಿದ್ದರೂ, ಕರ್ನಲ್ ಪಾಪ ಉತ್ತರ ಕೊಡುತ್ತಲೇ ಇರುತ್ತದೆ. ಕೌಂಟರ್‌ನಲ್ಲಿ ಬಿಲ್ ಆಗುತ್ತಿಲ್ಲ, ನಿಮ್ಮ ಪರದೆಯಲ್ಲಿ ಹಸಿರು. ಅದಕ್ಕೆ ಜನ ಬಳಸುವುದನ್ನೇ ನೀವೂ ಬಳಸಿ ನೋಡಬೇಕು. ವೆಬ್ ಪುಟವಾದರೆ ಪುಟ ಬಂತಾ ಅಂತಷ್ಟೇ ಅಲ್ಲ, ಅದರಲ್ಲಿ ಇರಲೇಬೇಕಾದ ಒಂದು ಪದ ಇದೆಯಾ ಅಂತ ನೋಡಿಸಿ. ಡೇಟಾಬೇಸ್ ಆದರೆ ಪೋರ್ಟ್ ತೆರೆದಿದೆಯಾ ಅಂತಷ್ಟೇ ಬೇಡ, ಒಂದು ಚಿಕ್ಕ ಪ್ರಶ್ನೆ ಕೇಳಿಸಿ. ಕುಮಾಗೆ ಇವೆರಡೂ ಬರುತ್ತವೆ. ಒಳಗಿನ ವೆಬ್‌ಸೈಟ್‌ನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಯಾವತ್ತು ಮುಗಿಯುತ್ತದೆ ಅನ್ನುವುದನ್ನೂ ಅದು ಮೊದಲೇ ಹೇಳುತ್ತದೆ.

ಕುಮಾ ಹೇಳುವುದು ಇದೆ ಅಥವಾ ಇಲ್ಲ, ಅಷ್ಟೇ. ಇವತ್ತು ಇದೆ, ನಾಳಿದ್ದು ಇರಲ್ಲ ಅಂತ ಹೇಳಬೇಕಾದರೆ ಅಂಕಿ ಬೇಕು. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಪೇಪರ್ ತೆಗೆದ ತಕ್ಷಣ ನೀವು ನೋಡುವುದು ಕೆಆರ್‌ಎಸ್ ಮಟ್ಟ. ಗರಿಷ್ಠ 124.80 ಅಡಿ. ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟಿತ್ತು. 122 ಅಡಿ ಅಂತ ಒಂದೇ ಅಂಕಿ ಹೇಳಿದರೆ ಖುಷಿ ಪಡಬೇಕೋ, ಶ್ರೀರಂಗಪಟ್ಟಣದ ನದಿ ದಂಡೆಯವರಿಗೆ ಫೋನ್ ಮಾಡಬೇಕೋ? ಒಳಹರಿವು ನೋಡದೆ ಹೇಳಲಾಗದು. ಡಿಸ್ಕ್ ಕೂಡ ಹಾಗೇ. ಶೇ. 90 ತುಂಬಿದೆ ಅನ್ನುವುದರಲ್ಲಿ ಏನೂ ತಿಳಿಯುವುದಿಲ್ಲ. 4 ಟಿಬಿ ಡಿಸ್ಕ್‌ನಲ್ಲಿ ಉಳಿದ ಶೇ. 10 ಅಂದರೆ 400 ಜಿಬಿ, ವರ್ಷಗಟ್ಟಲೆ ಬರಬಹುದು. 50 ಜಿಬಿಯದ್ದರಲ್ಲಿ 5 ಜಿಬಿ, ಯಾವುದೋ ಲಾಗ್ ಫೈಲ್ ಕೆರಳಿದರೆ ಊಟ ಮಾಡಿ ಬರುವಷ್ಟರಲ್ಲಿ ಖಾಲಿ. ಎಷ್ಟು ತುಂಬಿದೆ ಅನ್ನುವುದರ ಜೊತೆ ಯಾವ ಗತಿಯಲ್ಲಿ ತುಂಬುತ್ತಿದೆ ಅನ್ನುವುದೂ ಬೇಕು.

ಈ ಕೆಲಸಕ್ಕೆ ಪ್ರೊಮೀಥಿಯಸ್. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯ ಒಳಗೆ ಶುರುವಾದದ್ದು. ಪ್ರತಿ ಸರ್ವರ್‌ನಲ್ಲಿ ನೋಡ್ ಎಕ್ಸ್‌ಪೋರ್ಟರ್ ಅನ್ನುವ ಚಿಕ್ಕ ಪ್ರೋಗ್ರಾಂ ಹಾಕುತ್ತೀರಿ, ಅದು 9100ನೇ ಪೋರ್ಟ್‌ನಲ್ಲಿ ಅಂಕಿಗಳನ್ನು ಇಟ್ಟುಕೊಂಡು ಕೂತಿರುತ್ತದೆ. ವಿಂಡೋಸ್‌ಗೆ ಬೇರೆಯದೇ ಇದೆ, ಅದರ ಪೋರ್ಟ್ 9182. ಪ್ರೊಮೀಥಿಯಸ್ ಒಂದೊಂದರ ಬಳಿಯೂ ಹೋಗಿ, ಕೇಳಿ, ಬರೆದುಕೊಂಡು ಬರುತ್ತದೆ. ಕಳೆದ 6 ಗಂಟೆಯ ಗತಿ ನೋಡಿ, ಹೀಗೇ ಹೋದರೆ ನಾಳೆ ಇಷ್ಟು ಹೊತ್ತಿಗೆ ಡಿಸ್ಕ್ ತುಂಬಿಹೋಗುತ್ತದಾ ಅಂತ ಕೇಳುವುದಕ್ಕೆ ಅದರಲ್ಲಿ ಒಂದು ಸಾಲು ಸಾಕು. ಹಾಗೇ ಐನೋಡ್ ಕೂಡ ನೋಡಿಸಿ, ಪ್ರತಿ ಫೈಲ್‌ಗೂ ಒಂದು ಬೇಕಾಗುವ ದಾಖಲೆ ಅದು, ಅದೂ ಮುಗಿಯಬಹುದು. ಜಾಗ ಬೇಕಾದಷ್ಟಿದ್ದರೂ ಹೊಸ ಫೈಲ್ ಮಾಡಲು ಆಗದ ಪರಿಸ್ಥಿತಿ ಬರುತ್ತದೆ, ಆಗ ತಲೆ ಕೆಡುತ್ತದೆ. ಮೊದಲು ಹೇಳಿದ ರೈಡ್ ಕಥೆ ಇದೆಯಲ್ಲ, ಲಿನಕ್ಸ್‌ನದೇ ಸಾಫ್ಟ್‌ವೇರ್ ರೈಡ್ ಆದರೆ ಎಷ್ಟು ಡಿಸ್ಕ್ ಬದುಕಿವೆ ಅನ್ನುವುದನ್ನು ನೋಡ್ ಎಕ್ಸ್‌ಪೋರ್ಟರ್ ತಾನಾಗೇ ಕೊಡುತ್ತದೆ. ಹಾರ್ಡ್‌ವೇರ್ ಕಾರ್ಡ್ ಆದರೆ ಆ ಕಂಪನಿಯ ಟೂಲ್‌ನಿಂದ ತೆಗೆದು ಒಂದು ಫೈಲ್‌ಗೆ ಬರೆಸಿ, ಅದನ್ನು ಓದಿಸಬೇಕು.

ಇಷ್ಟೆಲ್ಲ ಬರೆದಿಟ್ಟರೆ ಜಾಗ ಎಷ್ಟು ಬೇಕು ಅಂತ ಕೇಳಬಹುದು. ಲೆಕ್ಕ ಹಾಕೋಣ. ಒಂದು ಸರ್ವರ್‌ನಿಂದ ಒರಟಾಗಿ ಸಾವಿರ ಅಂಕಿ. ಹತ್ತು ಸರ್ವರ್ ಅಂದರೆ 10,000. 15 ಸೆಕೆಂಡಿಗೊಮ್ಮೆ ಅಂದರೆ ನಿಮಿಷಕ್ಕೆ 40,000, ದಿನಕ್ಕೆ 5 ಕೋಟಿ 76 ಲಕ್ಷ. ಒತ್ತಿ ಇಡುವುದರಿಂದ ಒಂದಕ್ಕೆ ಒಂದರಿಂದ ಎರಡು ಬೈಟ್. ಎರಡೇ ಅಂದುಕೊಂಡರೂ ದಿನಕ್ಕೆ ಸುಮಾರು 115 ಎಂಬಿ. ಬೇರೆ ಹೇಳದಿದ್ದರೆ ಅದು 15 ದಿನ ಇಟ್ಟುಕೊಳ್ಳುತ್ತದೆ, 2 ಜಿಬಿಯೂ ಆಗಲ್ಲ. ಮೂರು ತಿಂಗಳು ಇಟ್ಟರೆ 10 ಜಿಬಿ ಚಿಲ್ಲರೆ. ಹಳೆಯ ಡೆಸ್ಕ್‌ಟಾಪ್ ಸಾಕು ಅಂದದ್ದು ಇದಕ್ಕೇ. ಈ ಡೇಟಾವನ್ನು ಎನ್‌ಎಫ್‌ಎಸ್ ಮೂಲಕ ನ್ಯಾಸ್ ಮೇಲೆ, ಅಂದರೆ ನೆಟ್‌ವರ್ಕ್‌ನಲ್ಲಿರುವ ಬೇರೆ ಸಂಗ್ರಹ ಪೆಟ್ಟಿಗೆಯ ಮೇಲೆ, ಇಡಬೇಡಿ. ಅದಕ್ಕೆ ಬೆಂಬಲ ಇಲ್ಲ ಅಂತ ಪ್ರೊಮೀಥಿಯಸ್‌ನವರೇ ಹೇಳಿದ್ದಾರೆ.

ಗ್ರಾಫ್ ನೋಡುವುದಕ್ಕೆ ಗ್ರಫಾನಾ. ಚೆನ್ನಾಗಿ ಕಾಣುತ್ತದೆ. ಗೋಡೆಗೆ ದೊಡ್ಡ ಟಿವಿ ಹಾಕಿ ಅದನ್ನು ತೋರಿಸುವವರೂ ಇದ್ದಾರೆ. ಮ್ಯಾನೇಜ್‌ಮೆಂಟ್‌ನವರು ಬಂದಾಗ ಒಳ್ಳೆಯದು. ಬಾಕಿ ದಿನ ಅದನ್ನು ನೋಡುವವರು ಯಾರೂ ಇಲ್ಲ, ಸುಮ್ನೆ ಕರೆಂಟ್ ಖರ್ಚು. ಒಬ್ಬರೇ ಕೆಲಸ ಮಾಡುವವರು ಗ್ರಾಫ್ ಮೇಲೆ ವಾರಗಟ್ಟಲೆ ಕೂರುವುದಕ್ಕಿಂತ ನಾಲ್ಕು ಅಲರ್ಟ್ ಸರಿಯಾಗಿ ಬರೆಯುವುದು ಮೇಲು.

ಅಲರ್ಟ್ ಬರೆಯುವಾಗ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಸಿಪಿಯು 90 ದಾಟಿದರೆ ಹೇಳು ಅಂತ ಬರೆಯುತ್ತೀರಿ. ಸರ್ವರ್ ಪೂರ್ತಿ ಸತ್ತರೆ? ಸಿಪಿಯು ಅಂಕಿಯೇ ಬರುವುದಿಲ್ಲ. ಇಲ್ಲದ ಅಂಕಿ 90 ದಾಟುವುದಿಲ್ಲ. ಅಲರ್ಟ್ ಬಾಯಿ ಮುಚ್ಚಿಕೊಂಡು ಕೂರುತ್ತದೆ, ನೀವು ಎಲ್ಲ ಸರಿ ಇದೆ ಅಂದುಕೊಳ್ಳುತ್ತೀರಿ. ಅದಕ್ಕೇ ಪ್ರೊಮೀಥಿಯಸ್ ಪ್ರತಿ ಸಲ ಹೋಗಿ ಕೇಳಿದಾಗಲೂ 'ಅಪ್' ಅಂತ ಒಂದು ಅಂಕಿಯನ್ನು ತಾನೇ ಬರೆದುಕೊಳ್ಳುತ್ತದೆ. ಉತ್ತರ ಬಂದರೆ 1, ಇಲ್ಲದಿದ್ದರೆ 0. ಮೊದಲ ಅಲರ್ಟ್ ಇದರ ಮೇಲೆ ಇರಲಿ. ಅದೂ ಸಾಲದು. ಯಾರೋ ಕಾನ್ಫಿಗ್ ಫೈಲ್ ತಿದ್ದುವಾಗ ಆ ಸರ್ವರ್‌ನ ಸಾಲನ್ನೇ ಅಳಿಸಿದರೆ 0 ಕೂಡ ಬರುವುದಿಲ್ಲ. ಮುಖ್ಯವಾದ ಸರ್ವರ್‌ಗಳಿಗೆ, ಇಂಥ ಅಂಕಿಯೇ ಕಾಣುತ್ತಿಲ್ಲ ಅಂದರೆ ಹೇಳು ಅಂತ ಇನ್ನೊಂದು ನಿಯಮ ಬರೆಯಿರಿ. ಅದಕ್ಕೆ 'ಆಬ್ಸೆಂಟ್' ಅನ್ನುವ ಫಂಕ್ಷನ್ ಇದೆ.

ಬ್ಯಾಕಪ್‌ದೂ ಇದೇ ಕಥೆ, ಆದರೆ ದಿಕ್ಕು ತಿರುಗಿಸಬೇಕು. ರಾತ್ರಿ ಎರಡಕ್ಕೆ ಕ್ರಾನ್, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡುವ ಪ್ರೋಗ್ರಾಂ, ಬ್ಯಾಕಪ್ ಓಡಿಸುತ್ತದೆ. ಓಡಲಿಲ್ಲ ಅಂದರೆ ಅದೇ ಬಂದು ನಾನು ಓಡಲಿಲ್ಲ ಅಂತ ಹೇಳುತ್ತದಾ? ಹಾಗಾಗಿ ಬ್ಯಾಕಪ್ ಯಶಸ್ವಿಯಾಗಿ ಮುಗಿದ ಮೇಲೆ ಮಾತ್ರ ಅದು ಕುಮಾಗೆ ಒಂದು ಕರೆ ಕಳಿಸಲಿ. ಕುಮಾದಲ್ಲಿ ಪುಶ್ ಅನ್ನುವ ಬಗೆ ಇದೆ. ಗೊತ್ತುಪಡಿಸಿದ ಹೊತ್ತಿನೊಳಗೆ ಕರೆ ಬರದಿದ್ದರೆ ಅದು ನಿಮ್ಮನ್ನು ಎಬ್ಬಿಸುತ್ತದೆ. ಕರೆ ಕಳಿಸುವ ಮುಂಚೆ ಫೈಲ್‌ನ ಗಾತ್ರ ನೋಡಿಸಿ. ಫೈಲ್ ಇದೆ, ಹೆಸರಲ್ಲಿ ಇವತ್ತಿನ ತಾರೀಕೂ ಇದೆ, ಒಳಗೆ ಸೊನ್ನೆ ಬೈಟ್. ಇದು ನಾವೆಲ್ಲ ಕಂಡಿರುವ ದೃಶ್ಯ, ಅಲ್ವಾ?

ಶಾಖೆಗಳಿರುವವರ ವಿಷಯಕ್ಕೆ ಬರುತ್ತೇನೆ. ಮುಖ್ಯ ಕಚೇರಿ ಮಂಡ್ಯದಲ್ಲಿ, ಒಂದು ಮದ್ದೂರಿನಲ್ಲಿ, ಒಂದು ಮೈಸೂರಿನ ಹೆಬ್ಬಾಳದಲ್ಲಿ. ಅಲ್ಲಿಯ ಸರ್ವರ್ ಇಲ್ಲಿಂದ ಹೇಗೆ ಕಾಣಬೇಕು? ಈಗ ಬಹಳಷ್ಟು ಕನೆಕ್ಷನ್‌ಗಳಲ್ಲಿ ನಿಮಗೆ ನಿಮ್ಮದೇ ಆದ ಹೊರವಿಳಾಸ ಇರುವುದಿಲ್ಲ. ಒಂದು ವಿಳಾಸವನ್ನು ಕಂಪನಿಯವರು ನೂರಾರು ಮನೆಗೆ ಹಂಚಿರುತ್ತಾರೆ. ರೂಟರ್‌ನ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವೂ ಆ ಗುಂಪಿನಲ್ಲಿದ್ದೀರಿ, ಪೋರ್ಟ್ ಫಾರ್ವರ್ಡ್ ಮಾಡಿದರೂ ಉಪಯೋಗ ಇಲ್ಲ.

ಇದಕ್ಕೆ ವೈರ್‌ಗಾರ್ಡ್, ಕಚೇರಿಗಳ ನಡುವೆ ಗುಪ್ತ ಸುರಂಗ ಹಾಕುವ ವಿಪಿಎನ್. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಕರ್ನಲ್‌ನೊಳಗೇ ಇದೆ. ಸ್ಥಿರ ವಿಳಾಸ ಇರುವ ಒಂದೇ ಒಂದು ಜಾಗ ಬೇಕು: ಮುಖ್ಯ ಕಚೇರಿ ಅಥವಾ ತಿಂಗಳ ಬಾಡಿಗೆಯ ಚಿಕ್ಕ ವಿಪಿಎಸ್, ಅಂದರೆ ಇಂಟರ್ನೆಟ್‌ನಲ್ಲಿ ಸಿಗುವ ಬಾಡಿಗೆ ಸರ್ವರ್. ಶಾಖೆಗಳು ಅಲ್ಲಿಗೆ ಒಳಗಿನಿಂದ ಹೊರಗೆ ಸಂಪರ್ಕ ಮಾಡುತ್ತವೆ, ಅವುಗಳ ಕಡೆ ಯಾವ ಬಾಗಿಲೂ ತೆರೆಯಬೇಕಾಗಿಲ್ಲ. ಶಾಖೆಯ ಕಡೆ ಕೀಪ್‌ಅಲೈವ್ 25 ಸೆಕೆಂಡ್ ಅಂತ ಹಾಕಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ಮಾತಿಲ್ಲ ಅಂದರೆ ನಡುವಿನ ರೂಟರ್ ಆ ಸಂಪರ್ಕವನ್ನು ಮರೆತುಬಿಡುತ್ತದೆ, ಆಮೇಲೆ ನೀವು ಇಲ್ಲಿಂದ ಕರೆದರೆ ಅಲ್ಲಿಗೆ ತಲುಪುವುದಿಲ್ಲ.

ಇದನ್ನು ಮಾಡುವ ಮುಂಚೆ ಶಾಖೆಗಳ ವಿಳಾಸ ಬೇರೆ ಬೇರೆ ಮಾಡಿಕೊಳ್ಳಿ. ರೂಟರ್ ಡಬ್ಬಿಯಿಂದ ತೆಗೆದಾಗ ಹೇಗಿತ್ತೋ ಹಾಗೇ ಬಿಟ್ಟರೆ ಮೂರೂ ಕಡೆ 192.168.1 ಇರುತ್ತದೆ. ಒಂದಕ್ಕೊಂದು ಜೋಡಿಸಿದಾಗ ಯಾವ 192.168.1.10 ಅಂತ ಯಾರಿಗೂ ಗೊತ್ತಾಗಲ್ಲ. ಮಂಡ್ಯಕ್ಕೆ 10.20.1, ಮದ್ದೂರಿಗೆ 10.20.2, ಮೈಸೂರಿಗೆ 10.20.3 ಅಂತ ಮೊದಲ ದಿನವೇ ಕೊಟ್ಟುಬಿಡಿ. ಆಮೇಲೆ ಬದಲಾಯಿಸುವುದು ಅಂದರೆ ಪ್ರತಿ ಪ್ರಿಂಟರ್ ಮುಂದೆ ನಿಂತುಕೊಳ್ಳಬೇಕು.

ಭದ್ರತೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನೋಡ್ ಎಕ್ಸ್‌ಪೋರ್ಟರ್‌ಗೂ ಪ್ರೊಮೀಥಿಯಸ್‌ಗೂ ನೀವಾಗಿ ಹಾಕದಿದ್ದರೆ ಪಾಸ್‌ವರ್ಡ್ ಇಲ್ಲ. ಗ್ರಫಾನಾದ ಮೊದಲ ಪಾಸ್‌ವರ್ಡ್ ಲೋಕಕ್ಕೇ ಗೊತ್ತು. ಇನ್ನೊಂದು, ಡಾಕರ್ ಬಳಸುವವರು ಕೇಳಿಸಿಕೊಳ್ಳಿ: ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ ಮುಚ್ಚಿದ್ದೇನೆ ಅಂದುಕೊಂಡಿರುತ್ತೀರಿ, ಆದರೆ ಡಾಕರ್ ಪ್ರಕಟಿಸುವ ಪೋರ್ಟ್‌ಗಳು ಆ ನಿಯಮಗಳನ್ನು ದಾಟಿಕೊಂಡು ತೆರೆದುಕೊಳ್ಳುತ್ತವೆ. ವಿಪಿಎಸ್ ಮೇಲೆ ಇದು ದೊಡ್ಡ ಅಪಾಯ. ಪೋರ್ಟ್ ಪ್ರಕಟಿಸುವಾಗಲೇ ವೈರ್‌ಗಾರ್ಡ್‌ನ ಒಳವಿಳಾಸಕ್ಕೆ ಮಾತ್ರ ಕಟ್ಟಿ.

ಈಗ ಕರೆಂಟ್. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಜಿಲ್ಲೆ ನಮ್ಮದು. ಹೆಮ್ಮೆ ಇರಲಿ, ಯುಪಿಎಸ್ಸೂ ಇರಲಿ. ಸರ್ವರ್‌ಗೆ ಯುಪಿಎಸ್ ಇರುತ್ತದೆ, ಸ್ವಿಚ್ಚು ಮತ್ತು ರೂಟರ್ ಮಾತ್ರ ಗೋಡೆಯ ಸಾಕೆಟ್‌ನಲ್ಲಿ. ಕರೆಂಟ್ ಹೋದರೆ ಸರ್ವರ್ ಬದುಕಿದೆ, ಆದರೆ ಯಾರಿಗೂ ಸಿಗಲ್ಲ. ಮಾನಿಟರಿಂಗ್ ಮಾತ್ರ ಎಲ್ಲ ಸತ್ತಿವೆ ಅಂತ ಹನ್ನೆರಡು ಮೆಸೇಜ್ ಕಳಿಸಲು ನೋಡುತ್ತದೆ, ಅದೂ ಹೋಗಲ್ಲ, ಯಾಕೆಂದರೆ ಇಂಟರ್ನೆಟ್ ರೂಟರ್ ಕೂಡ ಆರಿದೆ. ಮೊದಲು ಇವೆರಡನ್ನೂ ಯುಪಿಎಸ್‌ಗೆ ತನ್ನಿ. ಯುಪಿಎಸ್‌ಗೆ ಯುಎಸ್‌ಬಿ ತಂತಿ ಇದ್ದರೆ ನಟ್ ಅನ್ನುವ ಮುಕ್ತ ಸಾಫ್ಟ್‌ವೇರ್ ಹಾಕಿ, ಬ್ಯಾಟರಿ ಮೇಲೆ ಓಡುತ್ತಿದೆ ಅಂದ ಕೂಡಲೇ ಅದು ತಿಳಿಸುತ್ತದೆ, ಬ್ಯಾಟರಿ ಮುಗಿಯುವ ಮುಂಚೆ ಸರ್ವರ್‌ಗಳನ್ನು ಸರಿಯಾಗಿ ಮುಚ್ಚಿಸುತ್ತದೆ.

ಹನ್ನೆರಡು ಮೆಸೇಜ್ ಅಂದೆನಲ್ಲ, ಅದು ಇನ್ನೊಂದು ಬಗೆಯ ಮೌನಕ್ಕೆ ದಾರಿ. ದಿನಾ ನಲವತ್ತು ಮೆಸೇಜ್ ಬಂದರೆ ನಿಮ್ಮ ಕೈಯೇ ಆ ಗುಂಪನ್ನು ಮ್ಯೂಟ್ ಮಾಡುತ್ತದೆ. ಆಮೇಲೆ ನಿಜವಾದದ್ದೂ ಅದರಲ್ಲೇ ಮುಳುಗುತ್ತದೆ. ಪ್ರೊಮೀಥಿಯಸ್ ಜೊತೆ ಬಳಸುವ ಅಲರ್ಟ್‌ಮ್ಯಾನೇಜರ್‌ನಲ್ಲಿ ಇದಕ್ಕೆ ಉಪಾಯಗಳಿವೆ. ಒಂದು ಶಾಖೆಯ ಎಲ್ಲ ಅಲರ್ಟ್ ಸೇರಿಸಿ ಒಂದೇ ಮೆಸೇಜ್ ಮಾಡಬಹುದು. ಶಾಖೆಯ ರೂಟರ್ ಬಿದ್ದಿದ್ದರೆ ಅದರ ಹಿಂದಿನ ಸರ್ವರ್‌ಗಳ ಬಗ್ಗೆ ಮಾತಾಡಬೇಡ ಅನ್ನಬಹುದು. ನಾಳೆ ಇಂಥ ಬಡಾವಣೆಯಲ್ಲಿ ವಿದ್ಯುತ್ ವ್ಯತ್ಯಯ ಅಂತ ಪೇಪರ್‌ನಲ್ಲಿ ನೋಡಿದರೆ, ಆ ಗಂಟೆಗಳಿಗೆ ಮೊದಲೇ ಅಲರ್ಟ್ ನಿಲ್ಲಿಸಿಡಬಹುದು. ನನ್ನ ಅಳತೆ ಒಂದೇ: ರಾತ್ರಿ ಬಂದ ಅಲರ್ಟ್‌ಗೆ ನೀವು ಎದ್ದು ಏನಾದರೂ ಮಾಡುವುದಿದೆಯಾ? ಇಲ್ಲ ಅಂದರೆ ಅದು ಬೆಳಿಗ್ಗೆ ಇಮೇಲ್‌ನಲ್ಲಿ ಬರಲಿ.

ವಾಟ್ಸಾಪ್‌ಗೆ ಕಳಿಸಲು ಆಗಲ್ವಾ ಅಂತ ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಆಗುತ್ತದೆ, ಆದರೆ ಅಧಿಕೃತ ದಾರಿಗೆ ಬಿಸಿನೆಸ್ ಖಾತೆ, ಒಪ್ಪಿಗೆಯಾದ ಸಂದೇಶದ ಮಾದರಿ, ಇಷ್ಟೆಲ್ಲ ಬೇಕು. ಅಡ್ಡದಾರಿಯ ಲೈಬ್ರರಿ ಬಳಸಿದರೆ ನಂಬರ್ ಬ್ಲಾಕ್ ಆಗಬಹುದು. ಟೆಲಿಗ್ರಾಂ ಬಾಟ್ ಐದು ನಿಮಿಷದಲ್ಲಿ ಆಗುತ್ತದೆ. ಪೂರ್ತಿ ಸ್ವಂತದ್ದೇ ಬೇಕು ಅನ್ನುವವರಿಗೆ, ನಿಮ್ಮ ಸರ್ವರ್‌ನಿಂದಲೇ ಫೋನ್‌ಗೆ ಸೂಚನೆ ಕಳಿಸುವ ಎನ್‌ಟಿಎಫ್‌ವೈ ಇದೆ. ಇಂಟರ್ನೆಟ್ ಹೋದಾಗಲೂ ಸುದ್ದಿ ಬರಬೇಕಾದರೆ ಸಿಮ್ ಹಾಕಿದ ಒಂದು ಜಿಎಸ್‌ಎಂ ಮೋಡೆಮ್ ಯುಎಸ್‌ಬಿಗೆ ಚುಚ್ಚಿ ಎಸ್‌ಎಂಎಸ್ ಕಳಿಸಿ. ಹಳೆಯ ಪದ್ಧತಿ, ಆದರೆ ಗಟ್ಟಿ. ಸಿಮ್‌ಗೆ ರೀಚಾರ್ಜ್ ಮಾಡುವುದನ್ನು ಮಾತ್ರ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಇಷ್ಟಾದ ಮೇಲೂ ಒಂದು ಉಳಿಯುತ್ತದೆ. ನೋಡುವ ಮೆಷಿನ್ನೇ ಸತ್ತರೆ? ಯಾವ ಅಲರ್ಟೂ ಬರುವುದಿಲ್ಲ, ನಿಮಗೆ ನೆಮ್ಮದಿಯ ವಾರ. ಎರಡು ಊರಿನಲ್ಲಿ ಕಚೇರಿ ಇರುವವರಿಗೆ ಸುಲಭದ ದಾರಿ ಇದೆ. ಎರಡೂ ಕಡೆ ಒಂದೊಂದು ಕುಮಾ ಹಾಕಿ, ಮೈಸೂರಿನದು ಮಂಡ್ಯದ್ದನ್ನು ನೋಡಲಿ, ಮಂಡ್ಯದ್ದು ಮೈಸೂರಿನದನ್ನು ನೋಡಲಿ. ಸುಮಾರು 45 ಕಿಲೋಮೀಟರ್ ದೂರ, ಎರಡು ಕಡೆ ಒಟ್ಟಿಗೇ ಕರೆಂಟ್ ಹೋಗುವುದು ಅಪರೂಪ. ಒಂದೇ ಕಚೇರಿ ಇರುವವರು ಯಾವಾಗಲೂ ಹೊತ್ತಿಕೊಂಡೇ ಇರುವ ಒಂದು ಅಲರ್ಟ್ ಬರೆಯಿರಿ. ಅದು ಕೆಲವು ನಿಮಿಷಕ್ಕೊಮ್ಮೆ ಹೊರಗಿನ ಒಂದು ಜಾಗಕ್ಕೆ ಕರೆ ಕಳಿಸುತ್ತಿರಲಿ. ಕರೆ ನಿಂತರೆ ಅಲ್ಲಿಂದ ನಿಮಗೆ ಸುದ್ದಿ ಬರುತ್ತದೆ. ಹೆಲ್ತ್‌ಚೆಕ್ಸ್ ಅನ್ನುವ ಮುಕ್ತ ಸಾಫ್ಟ್‌ವೇರ್ ಇರುವುದೇ ಇದಕ್ಕೆ, ಆ ವಿಪಿಎಸ್ ಮೇಲೇ ಹಾಕಬಹುದು. ಕರೆ ಒಳಗಿನಿಂದ ಹೊರಗೆ ಹೋಗುವುದರಿಂದ ಇಲ್ಲೂ ಬಾಗಿಲು ತೆರೆಯಬೇಕಾಗಿಲ್ಲ.

ಹಾಕಿದ ಮೇಲೆ ಪರೀಕ್ಷೆ ಮಾಡಿ, ಶನಿವಾರ ಮಧ್ಯಾಹ್ನ ಕಚೇರಿ ಖಾಲಿಯಾದ ಮೇಲೆ. ಡೇಟಾಬೇಸ್ ನಿಲ್ಲಿಸಿ ನೋಡಿ. ಸ್ವಿಚ್‌ನಿಂದ ತಂತಿ ಕಿತ್ತು ನೋಡಿ. ಕೆಲಸಕ್ಕೆ ಬಾರದ ಒಂದು ದೊಡ್ಡ ಫೈಲ್ ಮಾಡಿ ಡಿಸ್ಕ್ ತುಂಬಿಸಿ ನೋಡಿ. ಗಡಿಯಾರ ಹಿಡಿದುಕೊಳ್ಳಿ. 15 ಸೆಕೆಂಡಿಗೊಮ್ಮೆ ಕೇಳುವುದು, 5 ನಿಮಿಷ ಹಾಗೇ ಇದ್ದರೆ ಹೇಳು ಅನ್ನುವ ನಿಯಮ, ಅಲರ್ಟ್‌ಮ್ಯಾನೇಜರ್ ಗುಂಪು ಕಟ್ಟಲು ಕಾಯುವ 30 ಸೆಕೆಂಡ್. ಒಟ್ಟು ಆರು ನಿಮಿಷದ ಆಸುಪಾಸಿನಲ್ಲಿ ಫೋನ್ ಸದ್ದು ಮಾಡಬೇಕು. ಹತ್ತು ನಿಮಿಷವಾದರೂ ಬರಲಿಲ್ಲ ಅಂದರೆ ಮೊದಲು ಅಲರ್ಟ್‌ಮ್ಯಾನೇಜರ್‌ನ ಪುಟ ತೆರೆಯಿರಿ, 9093ನೇ ಪೋರ್ಟ್. ಅಲರ್ಟ್ ಅಲ್ಲಿ ಕಾಣುತ್ತಿದ್ದರೆ ತೊಂದರೆ ಟೆಲಿಗ್ರಾಂ ಕಡೆಯದು, ಬಾಟ್‌ನ ಟೋಕನ್, ಅಂದರೆ ಅದರ ಗುಪ್ತ ಕೀಲಿ, ಸರಿ ಇದೆಯಾ ನೋಡಿ. ಅಲ್ಲೂ ಇಲ್ಲ ಅಂದರೆ ಪ್ರೊಮೀಥಿಯಸ್‌ನ ಪುಟಕ್ಕೆ, 9090ನೇ ಪೋರ್ಟ್‌ಗೆ ಹೋಗಿ, ನಿಯಮ ಹೊತ್ತಿಕೊಂಡಿದೆಯಾ, ಆ ಸರ್ವರ್ ಪಟ್ಟಿಯಲ್ಲಾದರೂ ಇದೆಯಾ ಅಂತ ನೋಡಿ.